ಮುಳ್ಳಿನ ಕಳ್ಳಿ ಗಿಡಗಳಲ್ಲಿ ಸಿಲುಕಿದ ಎಲೆ ಮತ್ತು ಕಸವನ್ನು ತೆಗೆಯುವ ಕ್ರಮ: ಸಾರ್ವಜನಿಕರಿಗೆ ಮಾಹಿತಿ

ಮನೆಯ ಅಂಗಳ, ತಾರಸಿ ತೋಟ, ಶಾಲೆ ಹಾಗೂ ಕಛೇರಿಗಳ ಆವರಣಗಳಲ್ಲಿ ಕಳ್ಳಿ ಜಾತಿಯ ಅಲಂಕಾರಿಕ ಗಿಡಗಳನ್ನು ಬೆಳೆಸುವುದು ರೂಢಿಯಲ್ಲಿದೆ. ಈ ಗಿಡಗಳಿಗೆ ನೀರು ಕಡಿಮೆ ಸಾಕು, ಆರೈಕೆ ಬೇಕಿಲ್ಲ ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಹಲವು ವರ್ಷ ಆರೋಗ್ಯವಾಗಿದ್ದ ಗಿಡವು ಒಂದೇ ಮಳೆಗಾಲದಲ್ಲಿ ಕೊಳೆತು ಕುಸಿಯುವುದುಂಟು. ಹೆಚ್ಚಾದ ನೀರಿನ ಜೊತೆಗೆ, ಮುಳ್ಳುಗಳ ನಡುವೆ ಸಿಲುಕಿ ಉಳಿದ ತರಗೆಲೆಯೂ ಇದಕ್ಕೆ ಕಾರಣವಾಗಿರಬಹುದು. ಮತ್ತೊಂದೆಡೆ, ಆ ಕಸವನ್ನು ಬರಿಗೈಯಿಂದ ತೆಗೆಯಲು ಹೋಗಿ ಗಾಯ ಮಾಡಿಕೊಳ್ಳುವವರೂ ಇದ್ದಾರೆ. ಗಿಡ ಒಣಗಿರುವಾಗ, ಮಳೆಗಾಲಕ್ಕೆ ಮುನ್ನ, ಕೈಯ ಬದಲು ಉಪಕರಣದಿಂದ ಕಸ ತೆಗೆದಲ್ಲಿ ಈ ಎರಡೂ ತೊಂದರೆಗಳನ್ನು ತಪ್ಪಿಸಬಹುದು.

ಕಸವನ್ನು ಏಕೆ ತೆಗೆಯಬೇಕು?

ಕಳ್ಳಿ ಗಿಡದಲ್ಲಿ ಎಲೆಗಳೇ ಮುಳ್ಳುಗಳಾಗಿ ಮಾರ್ಪಟ್ಟಿರುತ್ತವೆ. ಆಹಾರ ತಯಾರಿಕೆಯ ಕಾರ್ಯವನ್ನು ಹಸಿರು ಕಾಂಡವೇ ನಿರ್ವಹಿಸುತ್ತದೆ. ಆದ್ದರಿಂದ ಕಾಂಡದ ಮೇಲೆ ಕಸ ಮುಚ್ಚಿಕೊಂಡಲ್ಲಿ ಗಿಡಕ್ಕೆ ಬೆಳಕು ದೊರೆಯುವುದಿಲ್ಲ. ಒದ್ದೆಯಾದ ಎಲೆಗಳು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಶಿಲೀಂಧ್ರಗಳು ಬೆಳೆಯುತ್ತವೆ. ಬೆಳವಣಿಗೆಯ ತುದಿ ಇರುವ ನೆತ್ತಿಯ ಭಾಗ ಹಾಗೂ ಮಣ್ಣಿಗೆ ತಾಗುವ ಬುಡ ಇದಕ್ಕೆ ಬೇಗನೆ ತುತ್ತಾಗುತ್ತವೆ. ಕಸದ ಮರೆಯಲ್ಲಿ ಹಿಟ್ಟು ತಿಗಣೆ ಸೇರಿಕೊಂಡರೆ ಅದು ಕಣ್ಣಿಗೆ ಬೀಳುವುದು ತಡವಾಗುತ್ತದೆ.

ಕಳ್ಳಿಯ ಬೆಳವಣಿಗೆ ಬಹಳ ನಿಧಾನ. ಸಿಪ್ಪೆಯ ಮೇಲಾದ ಗಾಯದ ಕಲೆ ಶಾಶ್ವತವಾಗಿ ಉಳಿಯುತ್ತದೆ. ಮುರಿದ ದೊಡ್ಡ ಮುಳ್ಳು ಅದೇ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಆದಕಾರಣ ಕಸ ತೆಗೆಯುವುದು ಎಷ್ಟು ಅವಶ್ಯವೋ, ಒರಟಾಗಿ ತೆಗೆಯದಿರುವುದೂ ಅಷ್ಟೇ ಅವಶ್ಯ.

ಸೂಕ್ತ ಕಾಲ

ಬೇವು, ಹೊಂಗೆ ಮೊದಲಾದ ಮರಗಳು ಸಾಮಾನ್ಯವಾಗಿ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸುತ್ತವೆ. ಗುಲ್‌ಮೊಹರ್ ಮತ್ತು ಮಳೆಮರದ ಪುಟ್ಟ ಎಲೆಗಳು ಮುಳ್ಳುಗಳ ಸಂದಿಗೆ ಸುಲಭವಾಗಿ ಇಳಿಯುತ್ತವೆ. ಇಂತಹ ಮರಗಳ ಕೆಳಗಿರುವ ಗಿಡಗಳನ್ನು ಮೇ ತಿಂಗಳ ಕೊನೆಯೊಳಗೆ, ಅಂದರೆ ನೈರುತ್ಯ ಮುಂಗಾರು ಪ್ರವೇಶಿಸುವ ಮುನ್ನ, ಒಮ್ಮೆ ಪೂರ್ಣವಾಗಿ ಸ್ವಚ್ಛಗೊಳಿಸಬೇಕು. ಹಿಂಗಾರು ಮಳೆ ಬೀಳುವ ಪ್ರದೇಶಗಳಲ್ಲಿ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೊಮ್ಮೆ ಪರಿಶೀಲಿಸುವುದು ಒಳಿತು. ಒಣಗಿದ ಎಲೆ ಸುಲಭವಾಗಿ ಬಿಡಿಸಿಕೊಳ್ಳುವುದರಿಂದ ಬಿಸಿಲಿನ ದಿನವನ್ನು ಆರಿಸಿಕೊಳ್ಳತಕ್ಕದ್ದು.

ಗಿಡವನ್ನು ಗುರುತಿಸಿಕೊಳ್ಳುವುದು

ಕೆಲಸ ಆರಂಭಿಸುವ ಮೊದಲು ಗಿಡವು ಈ ಕೆಳಗಿನ ಯಾವ ಗುಂಪಿಗೆ ಸೇರಿದೆ ಎಂಬುದನ್ನು ತಿಳಿದುಕೊಳ್ಳಬೇಕು.

1. ಉದ್ದ ಮುಳ್ಳಿನ ಕಳ್ಳಿ: ಗುಂಡಾಕಾರದ ಗೋಲ್ಡನ್ ಬ್ಯಾರೆಲ್ ಇದಕ್ಕೆ ಉದಾಹರಣೆ. ಮುಳ್ಳುಗಳು ಗಟ್ಟಿಯಾಗಿದ್ದು, ಉಣ್ಣೆಯಂತಹ ಸಣ್ಣ ದಿಂಬುಗಳಿಂದ ಹೊರಡುತ್ತವೆ.

2. ಪಾಪಾಸುಕಳ್ಳಿಯ ಗುಂಪು: ಚಪ್ಪಟೆ ಕಾಂಡದ ಮೇಲೆ ದೊಡ್ಡ ಮುಳ್ಳುಗಳ ಜೊತೆಗೆ ಕೂದಲಿನಷ್ಟು ಸಣ್ಣ ಮುಳ್ಳುಗಳ ಗೊಂಚಲು ಇರುತ್ತದೆ. ಈ ಸೂಕ್ಷ್ಮ ಮುಳ್ಳುಗಳಿಗೆ ಹಿಮ್ಮುಖವಾದ ಕೊಂಡಿಗಳಿದ್ದು, ತಾಗಿದೊಡನೆ ಕಿತ್ತುಬಂದು ಚರ್ಮದಲ್ಲಿ ನಾಟುತ್ತವೆ.

3. ಹಾಲು ಸುರಿಸುವ ಕಳ್ಳಿ: ಇವು ಯುಫೋರ್ಬಿಯಾ ಕುಲಕ್ಕೆ ಸೇರಿದ್ದು, ಸಸ್ಯಶಾಸ್ತ್ರದ ಪ್ರಕಾರ ಕ್ಯಾಕ್ಟಸ್ ಅಲ್ಲ. ಇವುಗಳಲ್ಲಿ ಉಣ್ಣೆಯ ದಿಂಬು ಇರುವುದಿಲ್ಲ. ಗಾಯವಾದಲ್ಲಿ ಬಿಳಿ ಹಾಲು ಒಸರುತ್ತದೆ. ಈ ಹಾಲು ಚರ್ಮಕ್ಕೆ ಉರಿ ತರುತ್ತದೆ. ಕಣ್ಣಿಗೆ ಬಿದ್ದಲ್ಲಿ ದೃಷ್ಟಿಗೆ ಅಪಾಯವಾಗಬಹುದು.

ಬೇಕಾಗುವ ಸಾಮಗ್ರಿಗಳು

ಉದ್ದ ಹಿಡಿಕೆಯ ಇಕ್ಕಳ, ಮೊನೆಯುಳ್ಳ ಚಿಮಟ, ಬಣ್ಣ ಹಚ್ಚುವ ಮೃದು ಬ್ರಷ್, ತೆಳುವಾದ ಬಿದಿರು ಕಡ್ಡಿ, ಸೈಕಲ್ ಪಂಪು, ದಪ್ಪ ಚರ್ಮದ ಕೈಗವಸು, ಕಣ್ಣಿಗೆ ರಕ್ಷಣಾ ಕನ್ನಡಕ, ಪೂರ್ಣ ತೋಳಿನ ಅಂಗಿ ಮತ್ತು ಬೂಟು. ಪಾಪಾಸುಕಳ್ಳಿಯ ಸೂಕ್ಷ್ಮ ಮುಳ್ಳುಗಳು ಬಟ್ಟೆಯ ಕೈಗವಸಿನೊಳಗೂ ನುಸುಳುತ್ತವೆ. ಅಂತಹ ಗಿಡದ ಕೆಲಸಕ್ಕೆ ಬಳಸಿದ ಕೈಗವಸನ್ನು ಬೇರೆ ಕೆಲಸಗಳಿಗೆ ಬಳಸಬಾರದು.

ಅನುಸರಿಸಬೇಕಾದ ಕ್ರಮ

1. ಮಕ್ಕಳು ಹಾಗೂ ಸಾಕುಪ್ರಾಣಿಗಳನ್ನು ದೂರವಿರಿಸಬೇಕು.

2. ಗಿಡದ ಬುಡದಲ್ಲಿ ರಾಶಿಬಿದ್ದ ತರಗೆಲೆಯನ್ನು ಮೊದಲು ಉದ್ದನೆಯ ಕೋಲಿನಿಂದ ಕದಲಿಸಿ ನೋಡಬೇಕು. ಚೇಳು, ಹಾವು ಅಡಗಿರುವ ಸಾಧ್ಯತೆ ಇರುವುದರಿಂದ ಒಮ್ಮೆಲೇ ಕೈ ಹಾಕಬಾರದು.

3. ಸಡಿಲವಾಗಿರುವ ಎಲೆಗಳನ್ನು ಪಂಪಿನ ಗಾಳಿಯಿಂದ ಹಾರಿಸಬೇಕು. ಬಾಯಿಯಿಂದ ಊದಬಾರದು.

4. ಉಳಿದ ಎಲೆಗಳನ್ನು ಮೇಲಿನಿಂದ ಕೆಳಕ್ಕೆ, ಒಂದೊಂದಾಗಿ, ಮುಳ್ಳು ಬೆಳೆದ ದಿಕ್ಕಿನಲ್ಲಿಯೇ ಇಕ್ಕಳದಿಂದ ಎಳೆದು ತೆಗೆಯಬೇಕು. ಎಲೆಗೆ ಮುಳ್ಳು ಚುಚ್ಚಿಕೊಂಡಿದ್ದಲ್ಲಿ ಎಲೆಯನ್ನು ಹರಿದು ಬಿಡಿಸಬೇಕೇ ಹೊರತು ಜಗ್ಗಬಾರದು.

5. ಧೂಳು ಹಾಗೂ ಜೇಡರ ಬಲೆಯನ್ನು ಒಣ ಬ್ರಷ್‌ನಿಂದ ತೆಗೆಯಬೇಕು. ಕೆಲವು ಜಾತಿಗಳ ಕಾಂಡದ ಮೇಲಿರುವ ಬೂದು ಬಣ್ಣದ ಮೇಣದ ಲೇಪ ಗಿಡಕ್ಕೆ ರಕ್ಷಣೆಯಾಗಿದ್ದು, ಅದನ್ನು ಉಜ್ಜಿ ತೆಗೆಯಬಾರದು.

6. ನೀರು ಹಾಯಿಸಿ ತೊಳೆಯುವುದು ಅನಿವಾರ್ಯವಾದಲ್ಲಿ, ಸಂಜೆಯೊಳಗೆ ಗಿಡ ಪೂರ್ಣವಾಗಿ ಒಣಗುವಂತೆ ಬೆಳಗಿನ ವೇಳೆಯಲ್ಲಿ ತೊಳೆಯಬೇಕು.

7. ಬುಡದ ಸುತ್ತ ಸಣ್ಣ ಜಲ್ಲಿಯನ್ನು ಹರಡಿದಲ್ಲಿ ನೀರು ಬೇಗ ಬಸಿಯುತ್ತದೆ ಹಾಗೂ ಮುಂದೆ ಬೀಳುವ ಎಲೆಗಳನ್ನು ಆರಿಸುವುದು ಸುಲಭವಾಗುತ್ತದೆ.

ಕೊಳೆತ ಅಥವಾ ಕೀಟ ಕಂಡುಬಂದಲ್ಲಿ

ಕಸ ತೆಗೆದ ಜಾಗ ಮೆತ್ತಗಾಗಿ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದಲ್ಲಿ, ಶುಚಿಯಾದ ಚಾಕುವಿನಿಂದ ಆರೋಗ್ಯವಂತ ಭಾಗ ಸಿಗುವವರೆಗೆ ಕತ್ತರಿಸಿ ತೆಗೆದು, ಗಾಯ ಒಣಗುವವರೆಗೆ ನೀರು ನಿಲ್ಲಿಸಬೇಕು. ಬಿಳಿ ಹತ್ತಿಯಂತೆ ಕಾಣುವ ಹಿಟ್ಟು ತಿಗಣೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು.

ಮುಳ್ಳು ಚುಚ್ಚಿದಲ್ಲಿ ಪ್ರಥಮ ಚಿಕಿತ್ಸೆ

ದೊಡ್ಡ ಮುಳ್ಳನ್ನು ಚಿಮಟದಿಂದ ನೇರವಾಗಿ ಎಳೆದು ತೆಗೆದು, ಸೋಪು ಮತ್ತು ನೀರಿನಿಂದ ಗಾಯವನ್ನು ತೊಳೆಯಬೇಕು. ಸೂಕ್ಷ್ಮ ಮುಳ್ಳುಗಳು ನಾಟಿದ ಜಾಗವನ್ನು ಉಜ್ಜಬಾರದು. ಚಿಮಟಕ್ಕೆ ಸಿಕ್ಕಷ್ಟನ್ನು ತೆಗೆದ ನಂತರ, ಕಾಗದಕ್ಕೆ ಬಳಸುವ ಬಿಳಿ ಅಂಟನ್ನು ತೆಳುವಾಗಿ ಹಚ್ಚಿ, ಮೇಲೆ ಗಾಜ್ ಬಟ್ಟೆ ಇರಿಸಿ, ಒಣಗಿದ ಮೇಲೆ ನಿಧಾನವಾಗಿ ಎತ್ತಿದಲ್ಲಿ ಉಳಿದವು ಬಹುಮಟ್ಟಿಗೆ ಹೊರಬರುತ್ತವೆ. ಕೀಲಿನ ಬಳಿ ಮುಳ್ಳು ಮುರಿದು ಉಳಿದಲ್ಲಿ, ಬಾವು ಅಥವಾ ಕೀವು ಕಂಡಲ್ಲಿ ವೈದ್ಯರನ್ನು ಕಾಣಬೇಕು. ಧನುರ್ವಾಯು ಚುಚ್ಚುಮದ್ದಿನ ಅಗತ್ಯವನ್ನು ಅವರಲ್ಲಿಯೇ ವಿಚಾರಿಸಬೇಕು. ಕಳ್ಳಿಯ ಹಾಲು ಕಣ್ಣಿಗೆ ಬಿದ್ದಲ್ಲಿ ಕಣ್ಣನ್ನು ಉಜ್ಜದೆ, ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು, ತಡಮಾಡದೆ ನೇತ್ರ ವೈದ್ಯರಲ್ಲಿಗೆ ಹೋಗತಕ್ಕದ್ದು.

ತೆಗೆದ ಕಸದ ವಿಲೇವಾರಿ

ಒಣ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಸುಡಬಾರದು. ಬಯಲಿನಲ್ಲಿ ತ್ಯಾಜ್ಯ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಡುವವರಿಗೆ 25,000 ರೂಪಾಯಿ ವಿಧಿಸಲು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಮುಳ್ಳುಗಳಿರುವ ಕಸವನ್ನು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ, ಮೇಲೆ ‘ಮುಳ್ಳು ಇದೆ’ ಎಂದು ಬರೆದು ನೀಡಿದಲ್ಲಿ ಪೌರಕಾರ್ಮಿಕರ ಕೈಗೆ ಗಾಯವಾಗುವುದು ತಪ್ಪುತ್ತದೆ.

ಪಾಪಾಸುಕಳ್ಳಿಯ ತುಂಡುಗಳನ್ನು ಖಾಲಿ ನಿವೇಶನ, ಕೆರೆಯಂಗಳ ಅಥವಾ ಗೋಮಾಳಗಳಲ್ಲಿ ಎಸೆಯಬಾರದು. ಬಿದ್ದ ತುಂಡು ಅಲ್ಲಿಯೇ ಬೇರು ಬಿಡುತ್ತದೆ. ಅಮೆರಿಕ ಖಂಡಗಳಿಂದ ಬಂದ ಈ ಗಿಡ ಹಿಂದೆ ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿ ಹಬ್ಬಿ ಕಳೆಯಾಗಿತ್ತು. ಅದನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಡ್ಯಾಕ್ಟಿಲೋಪಿಯಸ್ ಎಂಬ ಕೀಟವನ್ನು ತರಿಸಬೇಕಾಯಿತು.

ಸಲಹೆ ಪಡೆಯಲಿಚ್ಛಿಸುವವರು

ಗಿಡದ ರೋಗದ ಬಗ್ಗೆ ಸಲಹೆ ಬೇಕಾದವರು ತಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು. ಗಿಡದ ಹೆಸರು ಅಥವಾ ಛಾಯಾಚಿತ್ರ, ಅಂದಾಜು ವಯಸ್ಸು, ಕುಂಡದಲ್ಲಿದೆಯೋ ನೆಲದಲ್ಲಿದೆಯೋ ಎಂಬ ವಿವರ, ಕೊನೆಯ ಬಾರಿ ನೀರು ಕೊಟ್ಟ ದಿನ ಮತ್ತು ರೋಗಲಕ್ಷಣ ಮೊದಲು ಕಂಡ ಭಾಗ, ಇವಿಷ್ಟನ್ನು ಬರೆದು ಒಯ್ದಲ್ಲಿ ಸಲಹೆ ನೀಡಲು ಅನುಕೂಲವಾಗುತ್ತದೆ. ಕೊಳೆತ ಗಿಡವನ್ನು ಕಛೇರಿಗೆ ಒಯ್ಯುವುದಾದಲ್ಲಿ ಮುಳ್ಳುಗಳು ಹೊರಚಾಚದಂತೆ ಪೆಟ್ಟಿಗೆಯಲ್ಲಿರಿಸಿ ತರತಕ್ಕದ್ದು.