ಪಕ್ಕದ ಸೀಟಿನವರ ಮೇಲೆ ಸಂಶಯ ಬಂದರೆ?

ಪ್ರಯಾಣವೆಂದರೆ ಅಪರಿಚಿತರೊಂದಿಗೆ ಕೆಲವು ತಾಸುಗಳ ನೆರೆಹೊರೆ. ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಯಾರು ಯಾರ ಮನೆಯವರೆಂದು ಅರ್ಧ ಜನರಿಗೆ ಗೊತ್ತಿರುತ್ತದೆ. ಆದರೆ ಅಲ್ಲಿಂದ ಮುಂದೆ ಹುಬ್ಬಳ್ಳಿಯ ಬಸ್ಸನ್ನೋ ರೈಲನ್ನೋ ಹತ್ತಿದರೆ ಸುತ್ತಲಿನ ಮುಖಗಳೆಲ್ಲ ಹೊಸವು. 2023ರ ಜೂನ್‌ನಲ್ಲಿ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾದ ಮೇಲಂತೂ ನಮ್ಮ ಮನೆಗಳ ಹೆಣ್ಣುಮಕ್ಕಳು ಮೊದಲಿಗಿಂತ ಧೈರ್ಯವಾಗಿ ಒಬ್ಬೊಬ್ಬರೇ ಹೊರಡುತ್ತಿದ್ದಾರೆ.

ಹಾಗೆ ಹೊರಟಾಗ ಸಹಪ್ರಯಾಣಿಕನ ನಡವಳಿಕೆ ನಿಮಗೆ ಸರಿ ಕಾಣಲಿಲ್ಲ ಎಂದಿಟ್ಟುಕೊಳ್ಳಿ. ಹೇಳಬೇಕೇ, ಸುಮ್ಮನಿರಬೇಕೇ? ಹೇಳಿದರೆ ನಿರಪರಾಧಿಯೊಬ್ಬ ಅವಮಾನಕ್ಕೆ ಗುರಿಯಾಗಬಹುದು. ಸುಮ್ಮನಿದ್ದರೆ ದೊಡ್ಡ ಅನಾಹುತವೇ ಆಗಬಹುದು.

ಒಂದು ಸಂದೇಶ, ಆರು ಗಂಟೆ ವಿಳಂಬ

2022ರ ಆಗಸ್ಟ್ 14ರಂದು ಮಂಗಳೂರಿನಿಂದ ಮುಂಬಯಿಗೆ ಹೊರಡಲಿದ್ದ ವಿಮಾನದಲ್ಲಿ ಮಹಿಳೆಯೊಬ್ಬರ ಕಣ್ಣು ಸಹಪ್ರಯಾಣಿಕನ ಮೊಬೈಲಿನ ಮೇಲೆ ಬಿತ್ತು. ಅದರಲ್ಲಿ ಬಂದಿದ್ದ ಸಂದೇಶ ಓದಿ ಗಾಬರಿಯಾದ ಅವರು ವಿಮಾನದ ಸಿಬ್ಬಂದಿಗೆ ತಿಳಿಸಿದರು. ಎಲ್ಲರನ್ನೂ ಕೆಳಗಿಳಿಸಿ ಸಾಮಾನುಗಳನ್ನು ಶೋಧಿಸಲಾಯಿತು. ವಿಮಾನ ಸುಮಾರು ಆರು ಗಂಟೆ ತಡವಾಗಿ ಹೊರಟಿತು. ಕೊನೆಗೆ ತಿಳಿದದ್ದೇನೆಂದರೆ, ಅದು ಆ ಯುವಕ ಬೆಂಗಳೂರಿಗೆ ಹೊರಟಿದ್ದ ತನ್ನ ಗೆಳತಿಯೊಂದಿಗೆ ಭದ್ರತೆಯ ವಿಷಯದಲ್ಲಿ ಆಡಿದ್ದ ತಮಾಷೆ.

ಆ ಮಹಿಳೆಯದು ತಪ್ಪೇ? ಅವರು ಕಿರುಚಿ ಜನ ಸೇರಿಸಲಿಲ್ಲ, ಹೊಣೆ ಇರುವವರಿಗೆ ತಿಳಿಸಿದರು. ಅಷ್ಟರಮಟ್ಟಿಗೆ ಅದು ಸರಿಯೇ. ಆದರೆ ಇನ್ನೊಬ್ಬರ ಮೊಬೈಲಿನ ಅರ್ಧ ಸಾಲು ಯಾವತ್ತೂ ಪೂರ್ಣ ಸತ್ಯವಲ್ಲ. ಪ್ರಯಾಣದಲ್ಲಿ ಬಾಂಬು, ಅಪಹರಣ ಎಂದು ತಮಾಷೆ ಮಾಡುವ ನಮ್ಮ ಮಕ್ಕಳೂ ಈ ಘಟನೆಯಿಂದ ಪಾಠ ಕಲಿಯಬೇಕು.

ಹೆಸರು, ಉಡುಪು ಸಾಕ್ಷಿಯಲ್ಲ

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲವೊಂದು ಭದ್ರತಾ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಅದರಲ್ಲಿ ಸ್ಫೋಟಕವಿತ್ತು. ಆಗ ಅನೇಕರ ನಾಲಗೆ ಒಂದು ಸಮುದಾಯದ ಕಡೆಗೇ ಹರಿಯಿತು. ಎರಡು ದಿನ ಕಳೆದು ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದವನು ಇನ್ನೊಂದು ಸಮುದಾಯದವನು. 2022ರ ನವೆಂಬರ್ 19ರಂದು ಅದೇ ಮಂಗಳೂರಿನಲ್ಲಿ ಆಟೋರಿಕ್ಷಾವೊಂದರಲ್ಲಿ ಕುಕ್ಕರ್ ಬಾಂಬ್ ಸ್ಫೋಟಿಸಿ ಚಾಲಕ ಗಾಯಗೊಂಡರು. ಆ ಪ್ರಕರಣದ ಆರೋಪಿ ನಮ್ಮ ಸಮುದಾಯದ ಹೆಸರಿನವನು. ಆದರೆ ಅವನ ಬಳಿ ಇದ್ದ ಆಧಾರ್ ಕಾರ್ಡ್ ಬೇರೊಬ್ಬರದು. ಅದನ್ನು ಕಳೆದುಕೊಂಡಿದ್ದ ರೈಲ್ವೆ ನೌಕರರಿಗೂ ಈ ಕೃತ್ಯಕ್ಕೂ ಸಂಬಂಧವೇ ಇರಲಿಲ್ಲ.

ಗಡ್ಡ, ಟೊಪ್ಪಿ, ಬುರ್ಖಾ, ತಿಲಕ ಇವು ಯಾವುವೂ ಸಂಶಯಕ್ಕೆ ಆಧಾರವಾಗಲಾರವು. ನೋಡಬೇಕಾದದ್ದು ಕೃತ್ಯವನ್ನು. ಚೀಲವನ್ನು ಸೀಟಿನ ಕೆಳಗೆ ತಳ್ಳಿ ನಡುದಾರಿಯಲ್ಲಿ ಇಳಿದು ಹೋಗುವುದು, ಜೊತೆಯಲ್ಲಿರುವ ಮಗುವಿನ ಹೆಸರನ್ನೇ ಸರಿಯಾಗಿ ಹೇಳಲಾಗದಿರುವುದು, ಹೆದರಿದ ಹುಡುಗಿಯನ್ನು ಯಾರೊಂದಿಗೂ ಮಾತಾಡಗೊಡದಿರುವುದು, ಹೆಣ್ಣುಮಕ್ಕಳ ಮೈಗೆ ಬೇಕೆಂದೇ ತಾಗುವುದು ಇವು ಗಮನಿಸಬೇಕಾದ ಸಂಗತಿಗಳು.

ಕುರ್‌ಆನಿನ ಹುಜುರಾತ್ ಅಧ್ಯಾಯವು ಗುಮಾನಿಯಿಂದ ದೂರವಿರಲು, ಇತರರ ಗುಟ್ಟು ಕೆದಕದಿರಲು, ಬಂದ ಸುದ್ದಿಯನ್ನು ಪರಿಶೀಲಿಸಲು ಕಲಿಸುತ್ತದೆ. ಕಂಡ ಸಾಕ್ಷ್ಯವನ್ನು ಬಚ್ಚಿಡುವುದೂ ಪಾಪವೆಂಬುದು ಅದೇ ಗ್ರಂಥದ ಬೋಧನೆ. ಕಣ್ಣಾರೆ ಕಂಡದ್ದನ್ನು ಹೇಳಬೇಕು, ಊಹಿಸಿದ್ದನ್ನು ಸೇರಿಸಬಾರದು.

ಯಾರಿಗೆ ಹೇಳಬೇಕು?

ಬೀದರ್ ಜಿಲ್ಲೆಯ ಮುರ್ಕಿಯ ಘಟನೆ ನೆನಪಿರಬಹುದು. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿತು. ಜನ ಅವರ ಕಾರನ್ನು ಬೆನ್ನಟ್ಟಿ ಹೊಡೆದರು. ಇಂಜಿನಿಯರ್ ಮುಹಮ್ಮದ್ ಆಝಮ್ ಪ್ರಾಣ ಕಳೆದುಕೊಂಡರು. ಸಂಶಯ ಬಂದವರು ಗುಂಪಿಗೆ ಹೇಳುವ ಬದಲು ಪೊಲೀಸರಿಗೆ ಮಾತ್ರ ಹೇಳಿದ್ದರೆ ಒಂದು ಮನೆಯ ದೀಪ ಆರುತ್ತಿರಲಿಲ್ಲ.

ಆದ್ದರಿಂದ ಸಹೋದರಿಯರೇ, ಬಸ್ಸಿನಲ್ಲಾದರೆ ಮೊದಲು ಕಂಡಕ್ಟರ್ ಅಥವಾ ಡ್ರೈವರ್‌ಗೆ ತಿಳಿಸಿ. ಚೀಲದ ವಿಷಯವಾದರೆ "ಈ ಚೀಲ ಯಾರ್ದರೀ?" ಎಂದು ಒಮ್ಮೆ ಕೇಳಿ. ಎಷ್ಟೋ ಸಲ ಹಿಂದಿನ ಸೀಟಿನ ಅಜ್ಜಿ "ನಂದವ್ವಾ" ಎನ್ನುತ್ತಾರೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಯಾರೂ ಉತ್ತರಿಸದಿದ್ದರೆ ಮುಟ್ಟಬೇಡಿ, ದೂರ ಸರಿದು ಕಂಡಕ್ಟರನ್ನು ಕರೆಯಿರಿ. ರೈಲಿನಲ್ಲಾದರೆ 139, ಬೇರೆಡೆ ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098. ಬಸ್ಸಿನ ನಂಬರು ಅಥವಾ ರೈಲಿನ ಬೋಗಿ, ಮುಂದಿನ ನಿಲ್ದಾಣ, ನೀವು ಕಂಡದ್ದು ಇಷ್ಟನ್ನು ಹೇಳಿದರೆ ಸಾಕು. ಆ ವ್ಯಕ್ತಿಯ ಫೋಟೊ ತೆಗೆದು ಗ್ರೂಪುಗಳಿಗೆ ಹಾಕಬೇಡಿ. ಒಳ್ಳೆಯ ಉದ್ದೇಶದಿಂದ ಕಂಡದ್ದನ್ನು ತಿಳಿಸುವುದು ಅಪರಾಧವಲ್ಲ. ಸುಳ್ಳೆಂದು ತಿಳಿದೂ ದೂರು ಕೊಡುವುದು ಅಪರಾಧ.

ನಮ್ಮ ಮೇಲೆಯೇ ಬಂದರೆ?

ಬುರ್ಖಾ ಧರಿಸಿದ್ದಕ್ಕೇ ಯಾರೋ ನಿಮ್ಮ ಚೀಲವನ್ನು ಅನುಮಾನದಿಂದ ನೋಡಬಹುದು. ಮನಸ್ಸು ನೋಯುತ್ತದೆ, ನಿಜ. ಆದರೂ ಜಗಳಕ್ಕಿಳಿಯಬೇಡಿ. ಟಿಕೆಟ್, ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಸಹಪ್ರಯಾಣಿಕರಿಗೆ ನಿಮ್ಮನ್ನು ತಪಾಸಣೆ ಮಾಡುವ ಅಧಿಕಾರವಿಲ್ಲ. ಪೊಲೀಸರು ಮೈ ತಪಾಸಣೆ ಮಾಡಬೇಕಾದರೂ ಕಾನೂನಿನಂತೆ ಮಹಿಳೆಯೇ ಮರ್ಯಾದೆಯಿಂದ ಮಾಡಬೇಕು. ಅದನ್ನು ಶಾಂತವಾಗಿ ಕೇಳುವುದು ನಿಮ್ಮ ಹಕ್ಕು.

ಕಾಲೇಜಿಗೆಂದು ದಿನವೂ ಬಸ್ಸು ಹತ್ತುವ ಮಗಳಿದ್ದರೆ ಇಂದೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ಈ ಮೂರು ನಂಬರುಗಳನ್ನು ಅವಳ ಮೊಬೈಲಿನಲ್ಲಿ ಉಳಿಸಿಕೊಡಿ. ಏನಾದರೂ ಸರಿ ಕಾಣದಿದ್ದರೆ ಕಂಡಕ್ಟರ್ ಬಳಿ ಹೋಗಿ "ಅಣ್ಣಾ, ಸ್ವಲ್ಪ ನೋಡ್ರಿ" ಎನ್ನಲು ನಾಚಿಕೆ ಬೇಡವೆಂದು ಹೇಳಿಕೊಡಿ.