ಸ್ವಿಫ್ಟ್ ಕರೆಂಟಿನ ಹುಡುಗರು: ಗೆದ್ದ ಬಿರುದು, ನುಂಗಿದ ಮಾತು

ಹಾಕಿ ಎಂದೊಡನೆ ನಮ್ಮ ಕಡೆಯವರ ಕಣ್ಣಮುಂದೆ ಬರುವುದು ಹುಲ್ಲಿನ ಮೈದಾನ. ನೆರೆಯ ಕೊಡಗಿನಲ್ಲಿ ಮನೆತನ ಮನೆತನಗಳ ನಡುವೆ ನಡೆಯುವ ಪಂದ್ಯಾಟ. ಕೆನಡಾ ದೇಶದಲ್ಲಿ ಹಾಗಲ್ಲ. ಅಲ್ಲಿ ಬರೇ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಎಂದೇ ಅರ್ಥ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟುಗಳನ್ನು ತೊಟ್ಟು, ಗೋಲು ಕಾಯುವವನೂ ಸೇರಿ ಪಕ್ಷವೊಂದಕ್ಕೆ ಆರು ಮಂದಿ, ಚೆಂಡಿನ ಬದಲು 'ಪಕ್' ಎಂಬ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಅಟ್ಟಿಕೊಂಡು, ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಆಡುವ ಬಿರುಸಿನ ಆಟ ಅದು.

ಆ ದೇಶದ ಸಣ್ಣ ಊರೊಂದರ ಎಳೆಯರ ತಂಡದ ಕಥೆಯನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ. ಇದು ಕೇವಲ ಸೋಲು ಗೆಲುವಿನ ಕಥೆಯಲ್ಲ. ಓದಿಗೋ ಆಟಕ್ಕೋ ಮಕ್ಕಳನ್ನು ಮನೆಯಿಂದ ದೂರ ಕಳುಹಿಸುವ ಎಲ್ಲ ತಂದೆತಾಯಿಗಳೂ ತಿಳಿದಿರಬೇಕಾದ ಸಂಗತಿಗಳು ಇದರಲ್ಲಿವೆ.

ಊರು ಮತ್ತು ತಂಡ

ಕೆನಡಾದ ಪಶ್ಚಿಮ ಭಾಗದಲ್ಲಿ ಸಸ್ಕಾಚೆವಾನ್ ಎಂಬ ಪ್ರಾಂತವಿದೆ. ಕಣ್ಣು ಹಾಯುವಷ್ಟು ದೂರ ಗೋಧಿಯ ಬಯಲು. ಚಳಿಗಾಲದಲ್ಲಿ ಅದೆಲ್ಲವೂ ಹಿಮ. ಅಲ್ಲಿ ಹೆದ್ದಾರಿಯ ಪಕ್ಕದಲ್ಲಿರುವ ಸ್ವಿಫ್ಟ್ ಕರೆಂಟ್ ಪಟ್ಟಣದ ಜನಸಂಖ್ಯೆ 1980ರ ದಶಕದಲ್ಲಿ ಸುಮಾರು 15 ಸಾವಿರ. ಇಷ್ಟು ಚಿಕ್ಕ ಊರಿಗೆ ವೆಸ್ಟರ್ನ್ ಹಾಕಿ ಲೀಗಿನಲ್ಲಿ ಸ್ವಂತ ತಂಡವಿದೆ. ಹೆಸರು ಬ್ರಾಂಕೋಸ್. ಅದರ ಒಡೆತನ ಯಾವ ಧನಿಕನದೂ ಅಲ್ಲ, ಊರಿನವರದ್ದೇ.

ಈ ಲೀಗಿನಲ್ಲಿ ಆಡುವವರು ಹೆಚ್ಚಾಗಿ ಹದಿನಾರರಿಂದ ಇಪ್ಪತ್ತರವರೆಗಿನ ಪ್ರಾಯದ ಹುಡುಗರು. ನೂರಾರು ಮೈಲು ದೂರದ ಹಳ್ಳಿಗಳಿಂದ ಬಂದವರು ಊರಿನ ಯಾವುದಾದರೊಂದು ಮನೆಯಲ್ಲಿ ಮನೆಮಕ್ಕಳಂತೆ ಇರುತ್ತಾರೆ. ಶಾಲೆ, ಅಭ್ಯಾಸ, ಮತ್ತೆ ಮುಂದಿನ ಊರಿನ ಪಂದ್ಯಕ್ಕೆ ರಾತ್ರಿಯೆಲ್ಲ ಬಸ್ಸಿನ ಪ್ರಯಾಣ. ಎಲ್ಲರ ಕನಸೂ ಒಂದೇ: ನ್ಯಾಷನಲ್ ಹಾಕಿ ಲೀಗ್ ಎಂಬ ವೃತ್ತಿಪರ ಲೀಗನ್ನು ಸೇರುವುದು. ಆ ಬಾಗಿಲಿನ ಕೀಲಿಕೈ ಇರುವುದು ತರಬೇತುದಾರನ ಕೈಯಲ್ಲಿ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರ ಬಗ್ಗೆ ದೊಡ್ಡವರಲ್ಲಿ ಒಳ್ಳೆಯ ಮಾತು ಹೇಳಬೇಕು ಎಂಬುದೆಲ್ಲ ಅವನ ಇಷ್ಟ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

1967ರಲ್ಲಿ ಹುಟ್ಟಿದ ತಂಡ 1974ರಲ್ಲಿ ಲೆತ್‌ಬ್ರಿಜ್ ಎಂಬ ಊರಿಗೆ ಹೊರಟುಹೋಯಿತು. ಅಷ್ಟರೊಳಗೇ ಅದು ಬ್ರಯಾನ್ ಟ್ರಾಟಿಯೆ ಎಂಬ ಆಟಗಾರರನ್ನು ಬೆಳೆಸಿತ್ತು. ಆಟಗಾರರಾಗಿ ಆರು ಸಲ ಸ್ಟ್ಯಾನ್ಲಿ ಕಪ್ ಗೆದ್ದ ಮಹನೀಯರು ಅವರು. ಸ್ವಿಫ್ಟ್ ಕರೆಂಟ್ ಹನ್ನೆರಡು ವರ್ಷ ಕಾದು, 1986ರಲ್ಲಿ ತನ್ನ ತಂಡವನ್ನು ಮರಳಿ ಪಡೆಯಿತು. ಊರಿಗೆ ಊರೇ ಸಂಭ್ರಮಿಸಿತು. ಆ ಸಂಭ್ರಮ ನಾಲ್ಕು ತಿಂಗಳೂ ಬಾಳಲಿಲ್ಲ.

ಡಿಸೆಂಬರ್ 30, 1986

ಅಂದು ತಂಡವು ಸುಮಾರು 240 ಕಿಲೋಮೀಟರ್ ದೂರದ ರೆಜೈನಾ ನಗರಕ್ಕೆ ಪಂದ್ಯವಾಡಲು ಹೊರಟಿತ್ತು. ಊರು ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ, ರಸ್ತೆಯ ಮೇಲೆ ಕಣ್ಣಿಗೆ ಕಾಣದಂತೆ ಹೆಪ್ಪುಗಟ್ಟಿದ್ದ ಮಂಜಿನ ಪೊರೆಯಲ್ಲಿ ಬಸ್ಸಿನ ಚಕ್ರಗಳು ಹಿಡಿತ ತಪ್ಪಿದವು. ಬಸ್ಸು ರಸ್ತೆ ಬಿಟ್ಟು ಹಾರಿ ಪಕ್ಕಕ್ಕೆ ಮಗುಚಿಬಿತ್ತು. ಹಿಂಭಾಗದಲ್ಲಿ ಇಸ್ಪೀಟು ಆಡುತ್ತ ಕುಳಿತಿದ್ದ ನಾಲ್ವರು ಮಡಿದರು. ಟ್ರೆಂಟ್ ಕ್ರೆಸ್‌ಗೆ 20 ವರ್ಷ, ಸ್ಕಾಟ್ ಕ್ರೂಗರ್ ಮತ್ತು ಕ್ರಿಸ್ ಮ್ಯಾಂಟಿಕರಿಗೆ 19, ಬ್ರೆಂಟ್ ರಫ್ ಎಂಬ ಹುಡುಗನಿಗೆ ಕೇವಲ 16.

ತಂಡವನ್ನು ಮುಚ್ಚಬೇಕೇ ಎಂಬ ಪ್ರಶ್ನೆ ಎದ್ದಿತು. ಹುಡುಗರು ಆಡುತ್ತೇವೆಂದರು. ನಾಲ್ವರ ಅಂಗಿಯ ಸಂಖ್ಯೆಗಳಾದ 8, 9, 11, 22 ಇವುಗಳನ್ನು ನಾಲ್ಕು ಎಸಳಿನ ಎಲೆಯೊಂದರಲ್ಲಿ ಬರೆದು ಅದನ್ನು ಅಂಗಿಗೆ ಹೊಲಿದುಕೊಂಡು ಆಡಿದರು. ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಪಾರಿತೋಷಕಕ್ಕೆ ಇಂದಿಗೂ ಆ ನಾಲ್ವರ ಹೆಸರೇ ಇದೆ.

ಎರಡೂವರೆ ವರ್ಷಗಳಲ್ಲಿ ಆ ತಂಡ ಶಿಖರಕ್ಕೇರಿತು. 1988-89ರ ಸಾಲಿನಲ್ಲಿ 72 ಪಂದ್ಯಗಳಲ್ಲಿ 55ನ್ನು ಗೆದ್ದು, ಅನಂತರದ ಅಂತಿಮ ಸುತ್ತುಗಳ ಹನ್ನೆರಡು ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗಿನ ಬಿರುದು ಪಡೆಯಿತು. 1989ರ ಮೇ 13ರಂದು ಸಸ್ಕಟೂನ್ ನಗರದಲ್ಲಿ ಮೆಮೋರಿಯಲ್ ಕಪ್ಪಿನ ಅಂತಿಮ ಪಂದ್ಯ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಯೋಧರ ನೆನಪಿಗಾಗಿ 1919ರಿಂದ ನಡೆದುಬಂದಿರುವ, ಎಳೆಯರ ಹಾಕಿಯಲ್ಲಿ ಕೆನಡಾದ ಪರಮೋಚ್ಚ ಬಿರುದು ಅದು. ಎದುರಾಳಿ ಆ ನಗರದ್ದೇ ತಂಡ. ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋದಾಗ ಟಿಮ್ ಟಿಸ್‌ಡೇಲ್ ಎಂಬ ಹುಡುಗ ಗೋಲು ಹೊಡೆದ. ಬ್ರಾಂಕೋಸ್ 4-3ರಿಂದ ಗೆದ್ದಿತು. ಬಸ್ಸಿನಲ್ಲಿ ತೀರಿಕೊಂಡ ಸ್ಕಾಟ್ ಕ್ರೂಗರನ ಇಬ್ಬರು ಸಹೋದರರು, ಡ್ಯಾರೆನ್ ಮತ್ತು ಟ್ರೆವರ್, ಆ ವಿಜಯೀ ತಂಡದಲ್ಲಿದ್ದರು.

ಪತ್ರಿಕೆಗಳು ಹೊಗಳಿದವು. ತಂಡವನ್ನು ದುರಂತದಿಂದ ಮೇಲೆತ್ತಿದ ತರಬೇತುದಾರ ಗ್ರಹಾಂ ಜೇಮ್ಸ್‌ನನ್ನು ಹಾಕಿ ಪತ್ರಿಕೆಯೊಂದು 1989ರ ವರ್ಷದ ವ್ಯಕ್ತಿಯೆಂದು ಆರಿಸಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಮುಚ್ಚಿದ ಬಾಗಿಲ ಹಿಂದೆ

ಅಪಘಾತದ ಮರುದಿನಗಳಲ್ಲಿ ನಡೆದ ಒಂದು ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಗೆಳೆಯರ ಸಾವನ್ನು ಕಣ್ಣಾರೆ ಕಂಡ ಆ ಮಕ್ಕಳಿಗೆ ಮನಸ್ಸಿನ ವೈದ್ಯರ ಸಹಾಯವೇ ದೊರೆಯಲಿಲ್ಲ. ನಮ್ಮ ದುಃಖವನ್ನು ನಾವೇ ನಮ್ಮೊಳಗೆ ನಿಭಾಯಿಸಿಕೊಳ್ಳುತ್ತೇವೆ ಎಂಬುದು ಜೇಮ್ಸ್‌ನ ನಿಲುವು. ಹೊರಗಿನವರಿಗೆ ಅದು ಧೈರ್ಯದ ಮಾತಾಗಿ ಕೇಳಿಸಿತು. ಅದರ ಒಳಗುಟ್ಟು ಹತ್ತು ವರ್ಷಗಳ ನಂತರ ಬಯಲಾಯಿತು.

ಆ ಬಸ್ಸಿನಲ್ಲಿ ಬದುಕಿ ಉಳಿದವರಲ್ಲಿ ಶೆಲ್ಡನ್ ಕೆನಡಿ ಒಬ್ಬರು. ಮ್ಯಾನಿಟೋಬಾ ಪ್ರಾಂತದ ಹಳ್ಳಿಯ ಹುಡುಗ. 1989ರ ಬಿರುದು ಗೆದ್ದ ತಂಡದಲ್ಲೂ ಮುಂಚೂಣಿಯ ಆಟಗಾರ. 1996ರಲ್ಲಿ, ವೃತ್ತಿಪರ ಲೀಗಿನಲ್ಲಿ ಆಡುತ್ತಿದ್ದಾಗಲೇ, ಅವರು ಪೊಲೀಸರ ಬಳಿ ಹೋಗಿ ಬಾಯಿಬಿಟ್ಟರು. ಹದಿನಾಲ್ಕರ ಪ್ರಾಯದಿಂದ ವರ್ಷಗಟ್ಟಲೆ ಜೇಮ್ಸ್ ತನ್ನ ಮೇಲೆ ಲೈಂಗಿಕ ಅತ್ಯಾಚಾರ ನಡೆಸಿದ್ದ ಎಂದರು. 1997ರ ಜನವರಿಯಲ್ಲಿ ಜೇಮ್ಸ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಮೂರೂವರೆ ವರ್ಷದ ಸಜೆಯಾಯಿತು. ವೈದ್ಯರೋ ಸಲಹೆಗಾರರೋ ಬಂದು ಹುಡುಗರೊಡನೆ ಏಕಾಂತದಲ್ಲಿ ಮಾತನಾಡಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಆದ್ದರಿಂದಲೇ ಬಾಗಿಲು ಮುಚ್ಚಲಾಗಿತ್ತು ಎಂಬುದು ಬದುಕಿ ಉಳಿದವರ ನಂಬಿಕೆ.

ಮುಂದೆ ಇನ್ನೂ ಕೆಲವರು ಮಾತನಾಡಿದರು. 2007ರಲ್ಲಿ ಜೇಮ್ಸ್‌ಗೆ ಸರಕಾರಿ ಕ್ಷಮಾದಾನ ದೊರೆತಿತ್ತೆಂಬುದು 2010ರಲ್ಲಿ ತಿಳಿದಾಗ ದೇಶವೇ ರೊಚ್ಚಿಗೆದ್ದು, ಅದರ ಕಾನೂನು ಬಿಗಿಯಾಯಿತು. ಥಿಯೋ ಫ್ಲ್ಯೂರಿ ಎಂಬ ಪ್ರಖ್ಯಾತ ಆಟಗಾರರೂ ಮತ್ತೊಬ್ಬರೂ ಕೊಟ್ಟ ದೂರಿನಲ್ಲಿ 2012ರಲ್ಲಿ ಎರಡು ವರ್ಷದ ಸಜೆಯಾಯಿತು. ಮೇಲಿನ ನ್ಯಾಯಾಲಯ 2013ರಲ್ಲಿ ಅದನ್ನು ಐದು ವರ್ಷಕ್ಕೆ ಏರಿಸಿತು. ಸ್ವಿಫ್ಟ್ ಕರೆಂಟಿನ ಮತ್ತೊಬ್ಬ ಮಾಜಿ ಆಟಗಾರನ ಪ್ರಕರಣದಲ್ಲಿ 2015ರಲ್ಲಿ ಇನ್ನೆರಡು ವರ್ಷ ಸೇರಿತು.

ಹುಡುಗರು ಏನಾದರು?

ಯಾವ ತಂಡದ ಹಿರಿಮೆಯನ್ನು ಹೇಳುವಾಗಲೂ ಮೊದಲು ಎಣಿಸುವುದು ತಾರೆಗಳನ್ನು. ಆ ಎಣಿಕೆಯಲ್ಲಿ ಸ್ವಿಫ್ಟ್ ಕರೆಂಟ್ ಯಾರಿಗೂ ಕಡಿಮೆಯಿಲ್ಲ.

ಬಸ್ಸಿನಲ್ಲಿದ್ದ ಇನ್ನೊಬ್ಬ ಹುಡುಗ ಜೋ ಸ್ಯಾಕಿಕ್. ತಂದೆತಾಯಿ ಕ್ರೊಯೇಷಿಯಾದಿಂದ ವಲಸೆ ಬಂದವರು. ಮನೆಮಾತು ಕ್ರೊಯೇಷಿಯನ್, ಶಿಶುವಿಹಾರಕ್ಕೆ ಹೋಗುವವರೆಗೂ ಆತನಿಗೆ ಇಂಗ್ಲಿಷ್ ಬಾರದು. ಮನೆಯಲ್ಲಿ ಒಂದು ನುಡಿ, ಹೊಸ್ತಿಲು ದಾಟಿದರೆ ಇನ್ನೊಂದು ನುಡಿ ಎಂಬ ಬಾಳು ಹೇಗಿರುತ್ತದೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಮಾತು ಕಡಿಮೆಯಾದ ಆ ಹುಡುಗ ಅಪಘಾತದ ಸಾಲಿನಲ್ಲಿಯೇ 60 ಗೋಲು ಹೊಡೆದ, ಮರುವರ್ಷ 78. ಮುಂದೆ ಕ್ವಿಬೆಕ್ ತಂಡ ಸೇರಿ, ಅದು ಕೊಲರಾಡೋಗೆ ಸ್ಥಳಾಂತರಗೊಂಡಾಗ ಜೊತೆಗೇ ಹೋಗಿ, ಇಪ್ಪತ್ತು ಸಾಲುಗಳನ್ನು ಒಂದೇ ಸಂಸ್ಥೆಗಾಗಿ ಆಡಿದರು. 1996 ಮತ್ತು 2001ರಲ್ಲಿ ನಾಯಕರಾಗಿ ಸ್ಟ್ಯಾನ್ಲಿ ಕಪ್, 2002ರ ಒಲಿಂಪಿಕ್ಸ್‌ನಲ್ಲಿ ಚಿನ್ನ, ಒಟ್ಟು 1,378 ಪಂದ್ಯಗಳಲ್ಲಿ 625 ಗೋಲು. 2022ರಲ್ಲಿ ಕೊಲರಾಡೋ ಮತ್ತೆ ಗೆದ್ದಾಗ ತಂಡದ ವ್ಯವಸ್ಥಾಪಕರು ಅವರೇ. 2001ರ ಗೆಲುವಿನಲ್ಲಿ ಅವರ ತಂಡದ ಸಹಾಯಕ ತರಬೇತುದಾರರಾಗಿದ್ದವರು ಹಿಂದೆ ಹೇಳಿದ ಟ್ರಾಟಿಯೆ. ಒಂದೇ ಸಣ್ಣ ಊರಿನ ಎರಡು ತಲೆಮಾರುಗಳು ಹೀಗೆ ಕೂಡಿದವು.

1989ರ ತಂಡದ ಕಿರಿಯರಲ್ಲಿ ಒಬ್ಬರಾದ ಜೆಫ್ ಸ್ಯಾಂಡರ್‌ಸನ್ ವೃತ್ತಿಪರ ಲೀಗಿನಲ್ಲಿ 1,104 ಪಂದ್ಯಗಳನ್ನಾಡಿದರು. ಮೆಮೋರಿಯಲ್ ಕಪ್ಪಿನ ಅತ್ಯುತ್ತಮ ಆಟಗಾರನೆನಿಸಿದ ಡ್ಯಾನ್ ಲ್ಯಾಂಬರ್ಟ್‌ಗೆ ದೊಡ್ಡ ಲೀಗಿನಲ್ಲಿ ಸಿಕ್ಕಿದ್ದು 29 ಪಂದ್ಯ ಮಾತ್ರ. ಆದರೆ ತರಬೇತುದಾರರಾಗಿ 2015ರಲ್ಲಿ ಕೆಲೋನಾ ತಂಡಕ್ಕೆ ಅದೇ ವೆಸ್ಟರ್ನ್ ಲೀಗಿನ ಬಿರುದು ತಂದುಕೊಟ್ಟರು. ಬಸ್ಸಿನಲ್ಲಿದ್ದ ಬಾಬ್ ವಿಲ್ಕಿ 18 ಪಂದ್ಯಗಳನ್ನಾಡಿದರು. ಅದೇ ಬಸ್ಸಿನ ಪೀಟರ್ ಸೋಬರ್ಲಕ್‌ರನ್ನು ಎಡ್ಮಂಟನ್ ತಂಡ 1987ರಲ್ಲಿ ಮೊದಲ ಸುತ್ತಿನಲ್ಲೇ ಆರಿಸಿತ್ತು. ಆದರೂ ಒಂದೇ ಒಂದು ಪಂದ್ಯವೂ ಅವರ ಪಾಲಿಗೆ ಬರಲಿಲ್ಲ. ಕಪ್ ಗೆಲ್ಲಿಸಿದ ಗೋಲು ಹೊಡೆದ ಟಿಸ್‌ಡೇಲ್ ಕೂಡ ಆ ಲೀಗಿನ ಮಂಜುಗಡ್ಡೆಯ ಮೇಲೆ ಕಾಲಿಡಲಿಲ್ಲ. ಎಳೆಯರ ಆಟದಲ್ಲಿ ಮಿಂಚಿದವರೆಲ್ಲರಿಗೂ ದೊಡ್ಡ ಆಟದಲ್ಲಿ ಜಾಗವಿರುವುದಿಲ್ಲ ಎಂಬ ಸತ್ಯವನ್ನು ಈ ಪಟ್ಟಿಯೇ ಹೇಳುತ್ತದೆ.

ಆದರೆ ಪಂದ್ಯಗಳ ಎಣಿಕೆಯಿಂದ ಬದುಕನ್ನು ಅಳೆಯಲಾದೀತೇ? ಆಡಲು ಅವಕಾಶ ಸಿಗದ ಸೋಬರ್ಲಕ್ ಕ್ರೀಡಾ ಮನಶ್ಶಾಸ್ತ್ರವನ್ನು ಅಭ್ಯಸಿಸಿ ಅಧ್ಯಾಪಕರಾದರು. ವಿಲ್ಕಿಯವರು ಎಳೆಯ ಆಟಗಾರರ ಮನಸ್ಸನ್ನು ಗಟ್ಟಿಗೊಳಿಸುವ ಕೆಲಸ ಹಿಡಿದರು. ತಮಗೆ ಯಾವುದು ದೊರೆಯಲಿಲ್ಲವೋ ಅದನ್ನೇ ಇತರರಿಗೆ ಕೊಡಲು ಹೊರಟವರು ಇವರು.

ಕೆನಡಿಯ ಎರಡನೆಯ ಬಾಳು

ಶೆಲ್ಡನ್ ಕೆನಡಿ ವೃತ್ತಿಪರ ಲೀಗಿನಲ್ಲಿ 310 ಪಂದ್ಯ ಆಡಿ 49 ಗೋಲು ಹೊಡೆದರು. ಕುಡಿತ ಮತ್ತು ಮಾದಕ ವಸ್ತುಗಳು ಅವರನ್ನು ಬಹುಕಾಲ ಹಿಡಿದಿದ್ದವು. ಅದನ್ನು ಅವರು ಬಚ್ಚಿಟ್ಟವರಲ್ಲ. ಆಟಗಾರನಾಗಿ ನೋಡಿದರೆ ಅರಳಬೇಕಾದ್ದು ಅರ್ಧಕ್ಕೆ ಬಾಡಿತೆನ್ನಬೇಕು. ಆದರೆ ಅವರ ನಿಜವಾದ ಕೆಲಸ ಶುರುವಾದದ್ದು ಅನಂತರವೇ.

1998ರಲ್ಲಿ ಅವರು ಕಾಲಿಗೆ ಗಾಲಿಯ ಸ್ಕೇಟು ತೊಟ್ಟು ಕೆನಡಾ ದೇಶವನ್ನು ಅಡ್ಡಲಾಗಿ ದಾಟಿದರು. ದಾರಿಯುದ್ದಕ್ಕೂ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಮಾತನಾಡಿದರು. ಸಂಗ್ರಹವಾದ ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ನಿಧಿ ಅದೇ ಕಾರ್ಯಕ್ಕಾಗಿ ರೆಡ್‌ಕ್ರಾಸ್ ಸಂಸ್ಥೆಗೆ ಸಂದಿತು. 2004ರಲ್ಲಿ ಜೊತೆಗಾರರೊಬ್ಬರೊಡನೆ 'ರೆಸ್ಪೆಕ್ಟ್ ಗ್ರೂಪ್' ಎಂಬ ಸಂಸ್ಥೆಯನ್ನು ಕಟ್ಟಿದರು. ಹಿಂಸೆ, ಬೆದರಿಕೆ, ದುರ್ವರ್ತನೆಗಳನ್ನು ಗುರುತಿಸುವುದು ಹೇಗೆ, ಕಂಡಾಗ ಮಾಡಬೇಕಾದ್ದೇನು ಎಂದು ತರಬೇತುದಾರರಿಗೂ ಹೆತ್ತವರಿಗೂ ಅದು ಕಲಿಸುತ್ತದೆ. ಹತ್ತು ಲಕ್ಷಕ್ಕೂ ಮೀರಿ ಜನ ಆ ಪಾಠ ಮುಗಿಸಿದ್ದಾರೆ. ಮಂಜುಗಡ್ಡೆಯ ಮೇಲೆ ಹೊಡೆದ ಯಾವ ಗೋಲು ಇದಕ್ಕೆ ಸಮ?

ಎರಡನೆಯ ಬಸ್ಸು

2018ರ ಏಪ್ರಿಲ್ 6ರಂದು ಅದೇ ಸಸ್ಕಾಚೆವಾನ್ ಪ್ರಾಂತದಲ್ಲಿ ಮತ್ತೊಂದು ಎಳೆಯರ ತಂಡದ ಬಸ್ಸಿಗೂ ಲಾರಿಗೂ ಡಿಕ್ಕಿಯಾಗಿ 16 ಮಂದಿ ಸತ್ತರು, 13 ಮಂದಿ ಗಾಯಗೊಂಡರು. ಹಂಬೋಲ್ಟ್ ಎಂಬ ಊರಿನ ಆ ತಂಡ ಬೇರೆ ಲೀಗಿನದು. ಹೆಸರು ಮಾತ್ರ ಅದೇ, ಬ್ರಾಂಕೋಸ್. ಸುದ್ದಿ ತಿಳಿದು ಕೆನಡಿ, ವಿಲ್ಕಿ, ಸೋಬರ್ಲಕ್ ಮತ್ತು ಡ್ಯಾರೆನ್ ಕ್ರೂಗರ್ ಅಲ್ಲಿಗೆ ಧಾವಿಸಿದರು. ಮೂವತ್ತು ವರ್ಷಗಳ ಹಿಂದೆ ತಮ್ಮ ಬಳಿ ಯಾರೂ ಬಂದು ಕುಳಿತಿರಲಿಲ್ಲ. ಈ ಸಲ ತಾವೇ ಹೋಗಿ ಕುಳಿತರು. ಈ ಬಾರಿ ಬದುಕಿ ಉಳಿದವರಿಗೂ ಮನೆಯವರಿಗೂ ಮನಸ್ಸಿನ ವೈದ್ಯರ ನೆರವು ಒದಗಿತು. ದುಃಖವನ್ನು ನುಂಗಿಕೊಳ್ಳುವುದೇ ಗಂಡಸುತನ ಎಂದು ಹೇಳುವವರು ಈಗ ಅಲ್ಲಿ ಕಡಿಮೆ.

ನಮಗೇನು ಪಾಠ?

ನಮ್ಮ ಮನೆಗಳಿಂದಲೂ ಮಕ್ಕಳು ದೂರ ಹೋಗುತ್ತಾರೆ. ಕನ್ನಡದಲ್ಲಿ ಓದಬೇಕೆಂದೋ, ಕಾಲೇಜಿಗೆಂದೋ ಮಂಗಳೂರು, ಪುತ್ತೂರುಗಳ ಹಾಸ್ಟೆಲುಗಳಲ್ಲಿ ಉಳಿಯುತ್ತಾರೆ. ಆಟದಲ್ಲಿ ಚುರುಕಾದವರು ಕ್ರೀಡಾಶಾಲೆಗಳಿಗೆ ಸೇರುತ್ತಾರೆ. ಕಲಿಸುವವರಲ್ಲಿ ಹೆಚ್ಚಿನವರು ಸಜ್ಜನರೇ. ಆದರೆ ಒಬ್ಬನ ಕೈಯಲ್ಲಿ ಮಗುವಿನ ಭವಿಷ್ಯವೆಲ್ಲ ಇದ್ದು, ಅವನನ್ನು ಪ್ರಶ್ನಿಸುವವರೇ ಇಲ್ಲದಿರುವಲ್ಲಿ ಕೇಡು ಹೊಕ್ಕರೆ ಹೊರಗೆ ತಿಳಿಯುವುದಿಲ್ಲ. ಊರೆಲ್ಲ ಕೈಮುಗಿಯುವ ವ್ಯಕ್ತಿಯ ಮೇಲೆ ದೂರು ಹೇಳಲು ಮಗುವಿಗೆ ಬಾಯಿ ಬರುವುದೂ ಇಲ್ಲ. ಕೆನಡಿ ತಮ್ಮ ಆತ್ಮಕಥೆಗೆ, ನಾನೇಕೆ ಏನೂ ಹೇಳಲಿಲ್ಲ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ.

ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯಿದೆಯ ಪ್ರಕಾರ, ಮಕ್ಕಳ ಮೇಲೆ ಇಂತಹ ಅಪರಾಧ ನಡೆದಿದೆಯೆಂದು ತಿಳಿದೂ ದೂರು ಕೊಡದಿರುವುದೂ ಶಿಕ್ಷಾರ್ಹ. 1098 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮಕ್ಕಳಿಗೆ ಸಹಾಯ ಸಿಗುತ್ತದೆ. ಆದರೆ ಕಾಯಿದೆಗಿಂತ ಮೊದಲು ಬೇಕಾದ್ದು ಮನೆಯ ಕಿವಿ. ರಜೆಯಲ್ಲಿ ಬಂದ ಮಗುವಿನಲ್ಲಿ ಎಷ್ಟು ಅಂಕ ಬಂತು, ಯಾವ ಬಹುಮಾನ ಬಂತು ಎಂದು ಕೇಳುತ್ತೇವೆ. ಅಲ್ಲಿ ನಿನಗೆ ಹಿತವಾಗಿದೆಯೇ, ಯಾರನ್ನಾದರೂ ಕಂಡರೆ ಹೆದರಿಕೆಯಾಗುತ್ತದೆಯೇ ಎಂದೂ ಕೇಳಬೇಕು. ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಬಂದ ಉತ್ತರವನ್ನು ನಂಬಬೇಕು.

ಸ್ವಿಫ್ಟ್ ಕರೆಂಟಿನ ಹೊರವಲಯದಲ್ಲಿ, ಬಸ್ಸು ಮಗುಚಿದ ಜಾಗದಲ್ಲಿ, ಮೂವತ್ತು ವರ್ಷ ತುಂಬಿದ 2016ರಲ್ಲಿ ನಾಲ್ವರ ಸ್ಮಾರಕ ನಿಂತಿತು. ಅದು ಸತ್ತವರ ನೆನಪಿಗೆ. ಬದುಕಿ ಉಳಿದವರ ಪಾಡನ್ನು ಕೇಳಲು ಒಂದು ದೇಶಕ್ಕೆ ಹತ್ತು ವರ್ಷ ಬೇಕಾಯಿತು. ನಾವು ಅಷ್ಟು ತಡಮಾಡಬಾರದು.