ಚಿನ್ನದ ಗಣಿಯ ನೆಲದಲ್ಲಿ ಜಾವಾ ಜೀರ್ಣೋದ್ಧಾರ

ಕರ್ನಾಟಕದಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳ ಜೀರ್ಣೋದ್ಧಾರ ಒಂದು ಕಸುಬಾಗಿ ಬೇರೂರಿರುವುದಕ್ಕೆ ಮುಖ್ಯ ಕಾರಣ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ. ಜೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಆರಂಭಿಸಿದ ಜಾವಾ ಸಂಸ್ಥೆಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು 1960ರಲ್ಲಿ ಕಟ್ಟಿದ ಈ ಕಂಪನಿಯನ್ನು, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರು ಮರುವರ್ಷ ಉದ್ಘಾಟಿಸಿದರು. ಮೊದಲ ಹತ್ತು ವರ್ಷಗಳಲ್ಲಿ ಜಾವಾ ಎಂಬ ಹೆಸರಿನಲ್ಲಿಯೂ, 1970ರ ದಶಕದ ಆರಂಭದಿಂದ ಯೆಜ್ದಿ ಎಂಬ ಹೆಸರಿನಲ್ಲಿಯೂ ಅಲ್ಲಿಂದ ಹೊರಬಂದ 250 ಸಿಸಿಯ ಬಂಡಿಗಳು ನಾಡಿನ ಊರೂರುಗಳನ್ನು ತಲುಪಿದವು. ಜಗತ್ತಿನ ಲೆಕ್ಕದಲ್ಲಿ 250 ಸಿಸಿ ಎಂದರೆ ಸಣ್ಣ ಮೋಟಾರ್ ಸೈಕಲ್ಲೇ. ಆದರೆ ಸೈಕಲ್ಲನ್ನೇ ಸ್ವತ್ತೆಂದು ಎಣಿಸುತ್ತಿದ್ದ ಕಾಲದಲ್ಲಿ, ಬುಲೆಟ್, ರಾಜದೂತ್ ಮತ್ತು ಜಾವಾಗಳ ಆಚೆಗೆ ಹೆಚ್ಚಿನ ಆಯ್ಕೆಯೇ ಇಲ್ಲದ ಮಾರುಕಟ್ಟೆಯಲ್ಲಿ, ಅದನ್ನು ಸಣ್ಣದೆಂದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಆ ಬಂಡಿಗಳನ್ನು ಮರಳಿ ಎಬ್ಬಿಸುವ ಕಸುಬಿನ ಸ್ವರೂಪವನ್ನು ಅರಿಯಲು ಮೈಸೂರು, ಬೆಂಗಳೂರುಗಳಿಗಿಂತಲೂ ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಅದಕ್ಕೆ ಹೊಂದಿಕೊಂಡ ಬಂಗಾರಪೇಟೆ ಹೆಚ್ಚು ಸೂಕ್ತವಾದ ನೆಲೆ ಎನ್ನಬಹುದು. ಬೆಂಗಳೂರಿನವರಿಗೆ ಬಂಗಾರಪೇಟೆ ಎಂದೊಡನೆ ನೆನಪಾಗುವುದು ಪಾನಿಪುರಿಯೇ ಇರಬಹುದು. ಆದರೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ, 1894ರಲ್ಲಿ, ಈ ಜಂಕ್ಷನ್ನಿನಿಂದ ಮಾರಿಕುಪ್ಪಂವರೆಗೆ ಹಾಸಿದ ಕವಲು ರೈಲು ಹಳಿಯ ಮೇಲೆಯೇ ಗಣಿಗೆ ಬೇಕಾದ ಭಾರೀ ಯಂತ್ರಗಳು ಸಾಗಿದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಇಲ್ಲಿಗೆ ಬಂದಾಗ ಬೆಂಗಳೂರಿನ ಬೀದಿಗಳಿಗೇ ಇನ್ನೂ ವಿದ್ಯುದ್ದೀಪ ಬಂದಿರಲಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದ ಗಣಿಯಲ್ಲಿ ಜನರನ್ನೂ ಅದಿರನ್ನೂ ಮೇಲೆತ್ತುವ ವೈಂಡಿಂಗ್ ಎಂಜಿನ್ನು, ನೀರೆತ್ತುವ ಪಂಪು, ಗಾಳಿ ಒತ್ತುವ ಕಂಪ್ರೆಸರುಗಳನ್ನು ಹಗಲಿರುಳೂ ಸುಸ್ಥಿತಿಯಲ್ಲಿಡಬೇಕಾಗಿದ್ದುದರಿಂದ, ಫಿಟ್ಟರ್, ಟರ್ನರ್, ವೆಲ್ಡರ್‌ಗಳ ತಲೆಮಾರುಗಳೇ ಇಲ್ಲಿ ರೂಪುಗೊಂಡವು. ಫಿಟ್ಟರ್ ಎಂದರೆ ಲೋಹದ ಭಾಗಗಳನ್ನು ಅರದಿಂದ ಉಜ್ಜಿ, ಅಳತೆ ಹಿಡಿದು, ಒಂದಕ್ಕೊಂದು ಕೂಡಿಸುವವನು. ಟರ್ನರ್ ಎಂದರೆ ಲೇತ್ ಯಂತ್ರದಲ್ಲಿ ಲೋಹವನ್ನು ತಿರುಗಿಸಿ ಕಡೆಯುವವನು. 1960ರ ದಶಕದಲ್ಲಿ ಭಾರತ್ ಅರ್ಥ್ ಮೂವರ್ಸ್, ಅಂದರೆ ಬೆಮೆಲ್, ಬುಲ್ಡೋಜರ್ ಮುಂತಾದ ಮಣ್ಣು ಸಾಗಿಸುವ ಯಂತ್ರಗಳ ತಯಾರಿಕೆಗೆ ಇದೇ ನೆಲವನ್ನು ಆರಿಸಿಕೊಂಡಾಗ ಆ ಪರಂಪರೆಗೆ ಎರಡನೆಯ ಆಸರೆ ದೊರೆಯಿತು. 2001ರ ಫೆಬ್ರವರಿ 28ರಂದು ಗಣಿಯನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕೆಲಸಗಳಿಗೆ ಹೋಗಿಬರತೊಡಗಿದರು. ಗಣಿ ಹೋಯಿತು, ಕೈಕೆಲಸ ಮಾತ್ರ ಉಳಿಯಿತು.

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್‌ಗಳ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ 1970 ಮತ್ತು 80ರ ದಶಕಗಳಲ್ಲಿ ಬೆಳೆದವರ ಪಾಲಿಗೆ ಮೋಟಾರ್ ಸೈಕಲ್ ಎಂಬುದು ಇನ್ನೊಬ್ಬರ ಮನೆಯ ಮುಂದೆ ನಿಂತಿರುವ ವಸ್ತುವಾಗಿತ್ತು. ಶಿಫ್ಟಿನ ಸೈರನ್ನಿಗೆ ಹೊಂದಿಕೊಂಡು ನಡೆದೋ ಸೈಕಲ್ ತುಳಿದೋ ಗಣಿಗೆ ಹೋಗುತ್ತಿದ್ದ ಕಾರ್ಮಿಕನ ಸಂಬಳದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಮರೂನ್ ಬಣ್ಣದ ಟ್ಯಾಂಕು, ಅದರ ಇಕ್ಕೆಲಗಳಲ್ಲಿ ಹೊಳೆಯುವ ಕ್ರೋಮಿಯಂ, ಎರಡು ಸೈಲೆನ್ಸರುಗಳಿಂದ ಬರುವ, ಟಣ್ ಟಣ್ ಎಂದು ಒಡೆದು ಕೇಳುವ ಸದ್ದು, ಇವುಗಳನ್ನು ಬೀದಿಯಂಚಿನಲ್ಲಿ ನಿಂತು ನೋಡಿದ ಹುಡುಗರು ಐವತ್ತು ದಾಟಿದ ಮೇಲೆ, ಮಕ್ಕಳ ಓದು, ಮನೆಯ ಸಾಲ ಎಲ್ಲ ಮುಗಿದ ತರುವಾಯ, ಅದೇ ಬಂಡಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ಜೀರ್ಣೋದ್ಧಾರದ ಮಾರುಕಟ್ಟೆ ನಿಂತಿರುವುದು ಹೂಡಿಕೆಯ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ಈ ತಡವಾಗಿ ತೀರುವ ಆಸೆಯ ಮೇಲೆ.

ಸಿಗುವ ಬಂಡಿ ಸಾಮಾನ್ಯವಾಗಿ ವರ್ಷಗಟ್ಟಲೆ ಕೊಟ್ಟಿಗೆಯಲ್ಲೋ ಹಿತ್ತಲಿನಲ್ಲೋ ನಿಂತದ್ದಾಗಿರುತ್ತದೆ. ಅದರ ರೋಗವನ್ನು ಅರಿಯಬೇಕಾದರೆ ಟೂ-ಸ್ಟ್ರೋಕ್ ಎಂಜಿನ್ನಿನ ಕ್ರಮವನ್ನು ತಿಳಿದಿರಬೇಕು. ಇದರಲ್ಲಿ ಪಿಸ್ಟನ್ ಮೇಲೇರುವಾಗ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಮೊದಲು ಕೆಳಗಿನ ಕ್ರ್ಯಾಂಕ್‌ಕೇಸ್ ಎಂಬ ಕೋಣೆಯನ್ನು ಹೊಕ್ಕು, ಪಿಸ್ಟನ್ ಇಳಿಯುವಾಗ ಅಲ್ಲಿ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿನ ಗೋಡೆಯಲ್ಲಿ ಕೊರೆದಿರುವ ಪೋರ್ಟ್ ಎಂಬ ಕಿಂಡಿಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ಬೇರೆ ಎಂಜಿನ್ನುಗಳಲ್ಲಿರುವಂತೆ ಕೀಲೆಣ್ಣೆಗೆ ಪ್ರತ್ಯೇಕ ವ್ಯವಸ್ಥೆ ಇಲ್ಲಿಲ್ಲ. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರಿನಂತೆ ಟ್ಯಾಂಕಿಗೇ ಬೆರೆಸಿದ ಆಯಿಲ್ಲೇ ಒಳಗಿನ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ಕಾಯುತ್ತದೆ. ಹೀಗಾಗಿ ಪಿಸ್ಟನ್ನಿನ ಏರಿಳಿತವನ್ನು ತಿರುಗುವ ಚಲನೆಯಾಗಿಸುವ ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು ಒಣಗಿ ಸೀಳಿದರೆ ಹೊರಗಿನ ಗಾಳಿ ಒಳಸೇರಿ, ಮಿಶ್ರಣ ತೆಳುವಾಗಿ, ಕೀಲೆಣ್ಣೆಯೂ ಸಾಲದೆ, ಕಾದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ವರ್ಕ್‌ಶಾಪಿನ ಮಾತಿನಲ್ಲಿ ಇಂಜಿನ್ ಸೀಜ್ ಆಗುತ್ತದೆ. ನಿಂತ ಬಂಡಿಗೆ ಪೆಟ್ರೋಲ್ ಸುರಿದು, ನಾಲ್ಕು ಕಿಕ್ಕಿಗೆ ಹೊತ್ತಿಕೊಂಡಿತೆಂದು ಹಿಗ್ಗಿ ಹೆದ್ದಾರಿಗಿಳಿಯುವ ಅವಸರ ಬಹಳ ಎಂಜಿನ್ನುಗಳನ್ನು ಕೊಂದಿದೆ.

ಚಿನ್ನದ ಗಣಿ ಪ್ರದೇಶದಲ್ಲಿ ಇದಕ್ಕೆ ಇನ್ನೊಂದು ಸ್ಥಳೀಯ ಕಾರಣವೂ ಸೇರುತ್ತದೆ. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮರಳಿನ ದಿಬ್ಬಗಳು ಊರಿನ ನಡುವೆಯೇ ಇದ್ದು, ಗಾಳಿಗಾಲದಲ್ಲಿ ಅವುಗಳಿಂದ ಏಳುವ ನಯವಾದ ಧೂಳು ಮನೆಮನೆಯನ್ನೂ ಹೊಗುತ್ತದೆ. ಆ ಧೂಳಿನ ಬಹುಪಾಲು ಅರೆದ ಕಲ್ಲೇ ಆಗಿರುವುದರಿಂದ, ಏರ್ ಫಿಲ್ಟರ್ ಹರಿದ ಬಂಡಿಯ ಸಿಲಿಂಡರಿನೊಳಗೆ ಅದು ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ.

ಸೀಲು ಒಣಗುವುದೂ ಬೇರಿಂಗು ಸವೆಯುವುದೂ ಅಲ್ಲೇ ಆದ್ದರಿಂದ ಜೀರ್ಣೋದ್ಧಾರದ ತಿರುಳು ಇರುವುದು ಕ್ರ್ಯಾಂಕಿನಲ್ಲಿ. ಜಾವಾದ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾರವಾದ ಉಕ್ಕಿನ ಬಿಲ್ಲೆಗಳ ನಡುವೆ ಕ್ರ್ಯಾಂಕ್ ಪಿನ್ ಎಂಬ ದಪ್ಪ ಕಡ್ಡಿಯನ್ನು ಒತ್ತಿ ಕೂರಿಸಿ, ಆ ಪಿನ್ನಿನ ಮೇಲೆ ರೋಲರ್ ಬೇರಿಂಗಿನ ಆಧಾರದಲ್ಲಿ ಕನೆಕ್ಟಿಂಗ್ ರಾಡ್ ತಿರುಗುವಂತೆ ಜೋಡಿಸಿರುತ್ತಾರೆ. ಬೇರಿಂಗ್ ಸವೆದಿದ್ದರೆ ಬಿಲ್ಲೆಗಳನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ನು, ರೋಲರು, ರಾಡುಗಳನ್ನು ಹಾಕಿ ಮತ್ತೆ ಒತ್ತಬೇಕು. ಒತ್ತುವುದು ಬಲದ ಕೆಲಸ. ಆಮೇಲಿನದು ಕಣ್ಣಿನ ಮತ್ತು ಕಿವಿಯ ಕೆಲಸ. ಜೋಡಿಸಿದ ಕ್ರ್ಯಾಂಕನ್ನು ಲೇತಿನ ಎರಡು ಮೊನೆಗಳ ನಡುವೆ ನಿಲ್ಲಿಸಿ, ಮುಳ್ಳಿನ ಡಯಲ್ ಗೇಜನ್ನು ಅದರ ದಂಡಕ್ಕೆ ತಾಗಿಸಿ, ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಮುಳ್ಳು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಗುರುತಿಸಿ, ಹೊರಳಿರುವ ಬಿಲ್ಲೆಯ ಅಂಚಿಗೆ ತಾಮ್ರದ ಸುತ್ತಿಗೆಯಿಂದ ಒಂದೇಟು ಹಾಕುತ್ತಾರೆ. ಮತ್ತೆ ತಿರುಗಿಸುತ್ತಾರೆ, ಮತ್ತೆ ನೋಡುತ್ತಾರೆ. ಓಲಾಟ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಕ್ಕೆ ಇಳಿಯುವವರೆಗೂ ಈ ಕೆಲಸ ಮುಗಿಯುವುದಿಲ್ಲ, ಮತ್ತು ಒಂದೇಟು ಜಾಸ್ತಿಯಾದರೆ ಮೊದಲಿನಿಂದ ಆರಂಭಿಸಬೇಕು. ವೈಂಡಿಂಗ್ ಎಂಜಿನ್ನಿನ ಬೇರಿಂಗುಗಳನ್ನು ಕೂರಿಸಿದ ಪರಂಪರೆಯ ಕೈಗೆ ಇದು ಹೊಸ ವಿದ್ಯೆಯಲ್ಲ, ಪ್ರಮಾಣವಷ್ಟೇ ಚಿಕ್ಕದು.

ಸಿಲಿಂಡರಿನ ಒಳವ್ಯಾಸ ಹೊಸದರಲ್ಲಿ 65 ಮಿಲಿಮೀಟರ್. ಸವೆತ ಎಲ್ಲೆಡೆ ಸಮನಾಗಿ ಆಗುವುದಿಲ್ಲವಾದ್ದರಿಂದ ಮೇಲೆ, ನಡುವೆ, ಕೆಳಗೆ, ಪ್ರತಿಯೊಂದು ಎತ್ತರದಲ್ಲಿಯೂ ಎರಡು ದಿಕ್ಕಿನಲ್ಲಿ ಅಳೆದು, ಕಾಲು ಮಿಲಿಮೀಟರಿನ ಹೆಜ್ಜೆಗಳಲ್ಲಿ ದೊರೆಯುವ ದೊಡ್ಡ ಅಳತೆಯ ಪಿಸ್ಟನ್ನಿಗೆ ತಕ್ಕಂತೆ ರೀಬೋರ್ ಮಾಡುತ್ತಾರೆ. ಪಿಸ್ಟನ್ನನ್ನು ಮೊದಲು ಕೈಯಲ್ಲಿ ಹಿಡಿದು ಅಳೆದ ಮೇಲೆಯೇ ಸಿಲಿಂಡರನ್ನು ಕೊರೆಯುವವನು ಬಲ್ಲವನು. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ನಂಬಿ ಕೊರೆಯುವವನ ಬಳಿಗೆ ಗಿರಾಕಿ ಮತ್ತೆ ಬರಬೇಕಾಗುತ್ತದೆ. ಕಾರ್ಕ್ ತುಂಬಿದ ಕ್ಲಚ್ ಪ್ಲೇಟುಗಳು, 6 ವೋಲ್ಟಿನ ಡೈನಮೊ, ಕಿಡಿ ಹೊತ್ತಿಸುವ ಕಾಂಟ್ಯಾಕ್ಟ್ ಪಾಯಿಂಟು, ಕಪ್ಪುಕಟ್ಟಿದ ಸೈಲೆನ್ಸರಿನ ಒಳಕೊಳವೆ, ಇವೆಲ್ಲ ತಾಳ್ಮೆ ಬೇಡುವ ಕೆಲಸಗಳಾದರೂ ಪುಸ್ತಕ ನೋಡಿ ಮಾಡಬಹುದಾದಂಥವು.

ಜಾವಾದ ಕೆಲವು ವೈಶಿಷ್ಟ್ಯಗಳು ಹೊಸಬರನ್ನು ಇಂದಿಗೂ ತಬ್ಬಿಬ್ಬುಗೊಳಿಸುತ್ತವೆ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಅದೇ ಲಿವರನ್ನು ಕಾಲಿನಿಂದ ಮೆಟ್ಟಿದಾಗ ಕ್ಲಚ್ ತಾನಾಗಿ ಬಿಡುವುದರಿಂದ ಓಡುವಾಗ ಎಡಗೈಯ ಸಹಾಯವಿಲ್ಲದೆಯೂ ಗೇರ್ ಬದಲಿಸಬಹುದು. ಹೆಡ್‌ಲೈಟಿನ ಮೇಲ್ಭಾಗದಲ್ಲಿ ಚುಚ್ಚುವ ಬೀಗದ ಕೈಯಂತೂ ಮೊಳೆಯನ್ನೇ ಹೋಲುವುದರಿಂದ, ಒಬ್ಬರ ಜಾವಾವನ್ನು ಇನ್ನೊಬ್ಬರ ಕೀಲಿ ಸಲೀಸಾಗಿ ಎಬ್ಬಿಸುತ್ತಿತ್ತು. ಕಳ್ಳರ ಭಯಕ್ಕಿಂತ ನೆರೆಹೊರೆಯ ನಂಬಿಕೆ ಹೆಚ್ಚಾಗಿದ್ದ ಕಾಲದ ವಿನ್ಯಾಸವದು ಎಂದುಕೊಳ್ಳಬೇಕು.

ಹೊರ ಮೈಯ ವಿಷಯದಲ್ಲಿ ಇಂದಿನ ಜೀರ್ಣೋದ್ಧಾರ ಸ್ವಲ್ಪ ಅತಿಗೆ ಹೋಗಿದೆ. ತಾಮ್ರ, ನಿಕ್ಕಲ್, ಕ್ರೋಮಿಯಂ ಎಂದು ಪದರಪದರವಾಗಿ ಲೇಪಿಸುವ ಕಸುಬುದಾರರೂ, ಟ್ಯಾಂಕಿನ ಅಂಚಿಗೆ ಕೂದಲೆಳೆಯಂಥ ಗೆರೆಯನ್ನು ಕುಂಚದಿಂದ ಒಂದೇ ಉಸಿರಿಗೆ ಎಳೆಯುವವರೂ ಗೌರವಾರ್ಹರೇ. ಆದರೆ ಕಾರ್ಖಾನೆಯಿಂದ ಹೊರಬಂದ ದಿನವೂ ಇಲ್ಲದಿದ್ದ ಹೊಳಪನ್ನು ಕೊಟ್ಟು, ಕೆರೆದು ಉಳಿಸಬಹುದಾಗಿದ್ದ ಮೂಲ ಮಡ್‌ಗಾರ್ಡನ್ನು ಎಸೆದು ನಕಲು ತಗಡನ್ನು ಕೂರಿಸಿದ ಬಂಡಿ ಹಳೆಯದೂ ಅಲ್ಲ, ಹೊಸದೂ ಅಲ್ಲ. ಸ್ವಲ್ಪ ಮಾಸಿದ ಮೂಲ ಬಣ್ಣವಿದ್ದು ಎಂಜಿನ್ ಸರಿಯಿರುವ ಜಾವಾವೇ ಹೆಚ್ಚಿನ ಬೆಲೆಗೆ ಅರ್ಹ. ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಅಲೆದು, ಸವೆದರೂ ಸರಿ ಮೂಲದ್ದೇ ಬೇಕೆಂದು ಹಟ ಹಿಡಿಯುವವರ ನಿಲುವೂ ಇದೇ. 2007ರಲ್ಲಿ ರೂಪುಗೊಂಡ ಬೆಂಗಳೂರು ಜಾವಾ ಯೆಜ್ದಿ ಮೋಟಾರ್‌ಸೈಕಲ್ ಕ್ಲಬ್ಬಿನಂಥ ಕೂಟಗಳು, ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸುವ ಅಂತರರಾಷ್ಟ್ರೀಯ ಜಾವಾ ದಿನದಂಥ ಸಂದರ್ಭಗಳು ಈ ತಿಳಿವಳಿಕೆಯನ್ನು ಹಂಚುವಲ್ಲಿ ನೆರವಾಗಿವೆ. 2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾ ಹೆಸರಿನ ಹೊಸ ಮೋಟಾರ್ ಸೈಕಲ್ಲುಗಳನ್ನು ಬಿಡುಗಡೆ ಮಾಡಿತಾದರೂ ಅವು ಫೋರ್-ಸ್ಟ್ರೋಕ್ ಯಂತ್ರಗಳು. ಹಳೆಯದರ ನೆಂಟಸ್ತಿಕೆ ಅವಕ್ಕೆ ರೂಪದಲ್ಲಿ ಮಾತ್ರ.

ಕಾನೂನಿನ ಬಗೆಗೂ ಒಂದು ಮಾತು. ಖಾಸಗಿ ಬಂಡಿಯ ಮೊದಲ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ತಪಾಸಣೆಯೊಂದಿಗೆ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಿದ್ದಿದ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಮತ್ತು ಗಣನೀಯ ಬದಲಾವಣೆಗೆ ಒಳಗಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ, ‘ವಿಎ’ ಅಕ್ಷರಗಳುಳ್ಳ ವಿಶೇಷ ಸಂಖ್ಯೆಯನ್ನು ಪಡೆಯಬಹುದು. ಅದರ ಅವಧಿ 10 ವರ್ಷ, ಆದರೆ ಅಂಥ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಎರಡರಲ್ಲಿ ಯಾವ ದಾರಿ ಹಿಡಿದರೂ ಮೂಲ ನೋಂದಣಿ ಪತ್ರ ಮತ್ತು ಅದಕ್ಕೆ ಹೊಂದುವ ಚಾಸಿ, ಎಂಜಿನ್ ಸಂಖ್ಯೆಗಳು ಇರಲೇಬೇಕು.

ಚಿನ್ನದ ಗಣಿ, ಬಂಗಾರಪೇಟೆಗಳ ಮನೆಗಳಲ್ಲಿ ‘ಎಂವೈ’ ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ ನಂಬರು ಹೊತ್ತ ಜಾವಾ ಇನ್ನೂ ನಿಂತಿದ್ದರೆ, ಅದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವ ಮೊದಲು ಮನೆಯವರು ಹಿರಿಯರ ಟ್ರಂಕಿನಲ್ಲಿ ಅದರ ಆರ್‌ಸಿ ಪುಸ್ತಕವಿದೆಯೇ ಎಂದು ಒಮ್ಮೆ ಹುಡುಕಲಿ. ಕಾಗದ ಸಿಕ್ಕಿದರೆ, ತುಕ್ಕು ಎಷ್ಟೇ ಹಿಡಿದಿರಲಿ, ಆ ಬಂಡಿಯನ್ನು ಉಳಿಸಬಹುದು.